ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ಬಡಗಿ ಸಾಮಾನು: ಇವು ಏನು, ಏತಕ್ಕೆ?

ಅಟ್ಟದಮನೆ | ಶನಿವಾರ, ಸಂಜೆ 6:40

ಎಲ್ಲರಿಗೂ ನಮಸ್ಕಾರ. ಕೊಪ್ಪ ತಾಲ್ಲೂಕಿನ ನಮ್ಮ ಅಜ್ಜಿಯ ಮನೆಯ ಅಟ್ಟವನ್ನು ಈ ವಾರ ಗುಡಿಸಿದೆವು. ಅಡಿಕೆ ಚೀಲಗಳ ಹಿಂದೆ ಹಲಸಿನ ಹಲಗೆಯ ಒಂದು ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ಮೊದಲು ಒಂದು ಹಲ್ಲಿ ಹಾರಿತು, ಆಮೇಲೆ ಧೂಳು, ಧೂಳಿನ ಕೆಳಗೆ ಬಡಗಿ ಸಾಮಾನು. ಉಳಿ, ಬಾಚಿ, ಕೊಡತಿ, ಗರಗಸ ಇಷ್ಟು ನನಗೂ ಗೊತ್ತಾದವು. ಗೊತ್ತಾಗದವು ಆರು. ಚಿತ್ರಗಳು ಸ್ಪಷ್ಟವಾಗಿ ಬಂದಿಲ್ಲ, ಆದ್ದರಿಂದ ಬರೆದೇ ಹೇಳುತ್ತೇನೆ.

ಒಂದು, ಗೇಣುದ್ದದ ಚಪ್ಪಟೆ ಉಕ್ಕಿನ ಪಟ್ಟಿ. ಅದರ ಒಂದು ಅಂಚಿನಲ್ಲಿ ಬೇರೆ ಬೇರೆ ಅಗಲದ ಐದು ಕಚ್ಚುಗಳು. ಎರಡು, ಎರಡೂ ಕೈಯಲ್ಲಿ ಹಿಡಿಯುವಂಥ ಮರದ ದಿಮ್ಮಿ. ನಡುವೆ ಒಂದೇ ಒಂದು ಕಬ್ಬಿಣದ ಹಲ್ಲು ಕೆಳಕ್ಕೆ ಚಾಚಿಕೊಂಡಿದೆ. ಮೂರು, ಮೊಳದಷ್ಟು ಉದ್ದದ ಕಡೆದ ಮರದ ದಂಡ. ಅಜ್ಜಿಯ ಪ್ರಕಾರ ಮುರಿದ ಕಡೆಗೋಲು. ನಾಲ್ಕು, ಹಿಡಿ ಇರುವ ಕಬ್ಬಿಣದ ಚಕ್ರ. ಐದು, ಮರ ನಯಮಾಡುವ ಕಬ್ಬಿಣದ ಹತ್ತರಿ, ಮೈಮೇಲೆ ಇಂಗ್ಲಿಷ್ ಅಕ್ಷರ: ಮುಂಭಾಗದಲ್ಲಿ 'ಬೈಲಿ', ಅಲಗಿನ ಮೇಲೆ 'ಸ್ಟಾನ್ಲಿ'. ಆರು, ಒಂದು ಕೋಲು. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಂದೂವರೆ ಅಡಿಗಿಂತ ತುಸು ಚಿಕ್ಕದು, ಒಂದು ತುದಿಯಲ್ಲಿ ಮರದ ಚಿಕ್ಕ ಕಟ್ಟೆಯನ್ನು ಮರದ ಮೊಳೆಯಿಂದ ಕೂರಿಸಿದ್ದಾರೆ, ಇನ್ನೊಂದು ತುದಿಯ ಹತ್ತಿರ ಒಂದು ಕಚ್ಚು. ಕಬ್ಬಿಣವೇ ಇಲ್ಲ.

ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಫಳಫಳ ಮಾಡಿ ಇನ್ನೊಮ್ಮೆ ಚಿತ್ರ ತೆಗೆಯಲೇ?

ಹಳೆಸಂತೆ | ಶನಿವಾರ, ಸಂಜೆ 7:05

ಒಳ್ಳೆಯ ಸಂಗ್ರಹ. ಉಜ್ಜಿ, ವಾರ್ನಿಷ್ ಹೊಡೆದರೆ ಗೋಡೆಗೆ ತೂಗುಹಾಕಲು ಚೆನ್ನಾಗಿರುತ್ತದೆ. ರೆಸಾರ್ಟಿನವರು ಕೇಳುತ್ತಲೇ ಇರುತ್ತಾರೆ. ಕೊಡುವ ಮನಸ್ಸಿದ್ದರೆ ತಿಳಿಸಿ, ಇಡೀ ಪೆಟ್ಟಿಗೆಗೆ ಒಂದು ಬೆಲೆ ಹೇಳುತ್ತೇನೆ.

ಉಳಿಬಾಚಿ | ಶನಿವಾರ, ರಾತ್ರಿ 8:15

ದಯವಿಟ್ಟು ಏನನ್ನೂ ಉಜ್ಜಬೇಡಿ. ಧೂಳು ಒರೆಸಿ, ಅಷ್ಟು ಸಾಕು. ನಮ್ಮ ತಂದೆ, ಅಜ್ಜ ಇಬ್ಬರೂ ಇದೇ ಕಸುಬಿನವರು. ನಾನು ಬ್ಯಾಂಕಿನಲ್ಲಿದ್ದೇನೆ, ಆದರೂ ಕಿವಿ ಅಲ್ಲೇ ಇದೆ. ಸಾಮಾನಿನ ಮೇಲೆ ಕೈ ಕೂತ ಕಡೆ ಮರ ಕಪ್ಪಾಗಿ ಹೊಳೆಯುತ್ತದೆ, ಹಗ್ಗ ಓಡಿದ ಕಡೆ ಗಾಯವಾಗುತ್ತದೆ, ಬೇರೊಂದು ವಸ್ತುವಿಗೆ ತಗುಲಿದ ಕಡೆ ಸವೆಯುತ್ತದೆ. ಹುಣಸೆಹುಳಿ ತುಕ್ಕಿನ ಜೊತೆಗೆ ಅಳತೆಯ ಗೀರುಗಳನ್ನೂ ತಿಂದುಹಾಕುತ್ತದೆ. ಆಕಾರ ನೋಡಿ ಊಹಿಸಿದರೆ ಹತ್ತರಲ್ಲಿ ಐದು ಸಲ ತಪ್ಪುತ್ತೇವೆ. ಸವೆತ ನೋಡಿ.

ಒಂದನೆಯದು ಸುಲಭ. ಗರಗಸದ ಹಲ್ಲು ಬಾಗಿಸುವ ಪಟ್ಟಿ. ಹಲ್ಲುಗಳೆಲ್ಲ ಅಲಗಿನ ನೇರಕ್ಕೇ ಇದ್ದರೆ ಗರಗಸ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಕೂದಲೆಳೆಯಷ್ಟು ಬಾಗಿದ್ದರೆ ಸೀಳು ಅಲಗಿಗಿಂತ ಅಗಲವಾಗಿ, ಗರಗಸ ಸಲೀಸಾಗಿ ಓಡುತ್ತದೆ. ಕಚ್ಚನ್ನು ಹಲ್ಲಿಗೆ ಸಿಕ್ಕಿಸಿ ತಿರುಚುವುದು. ಬೇರೆ ಬೇರೆ ದಪ್ಪದ ಗರಗಸಕ್ಕೆ ಬೇರೆ ಬೇರೆ ಕಚ್ಚು. ಹಸಿ ಮರ ಸೀಳುವ ಗರಗಸಕ್ಕೆ ಹೆಚ್ಚು ಬಾಗಿಸಬೇಕು, ಒಣ ಮರಕ್ಕೆ ಕಡಿಮೆ.

ಎರಡನೆಯದೂ ಒಂದು ಬಗೆಯ ಹತ್ತರಿಯೇ, ಆದರೆ ಮೇಲ್ಮೈ ನಯಮಾಡಲಿಕ್ಕಲ್ಲ. ಏಣಿಮೆಟ್ಟಿಲಿನ ಪಕ್ಕದ ಹಲಗೆಯಲ್ಲಿ ಮೆಟ್ಟಿಲು ಕೂರಲು ಕೊರೆದ ಕಾಲುವೆ ಇರುತ್ತದಲ್ಲ, ಅದರ ತಳವನ್ನು ಉದ್ದಕ್ಕೂ ಒಂದೇ ಆಳಕ್ಕೆ ತರಲು. ದಿಮ್ಮಿ ಹಲಗೆಯ ಮೇಲೆ ಜಾರುತ್ತದೆ, ಹಲ್ಲು ಕಾಲುವೆಯೊಳಗೆ ಹೆರೆಯುತ್ತದೆ. ಹಲ್ಲನ್ನು ಬಿಗಿಹಿಡಿಯುವ ಬೆಣೆಯನ್ನು ತಟ್ಟಿ ಆಳ ಹೊಂದಿಸುತ್ತಾರೆ. ಇಂಗ್ಲೆಂಡಿನ ಬಡಗಿಗಳು ಇದನ್ನು 'ಮುದುಕಿಯ ಹಲ್ಲು' ಎಂದು ಕರೆಯುತ್ತಿದ್ದರು. ನಿಮ್ಮ ಅಜ್ಜಿಗೆ ಹೇಳಬೇಡಿ.

ಬಯಲುನಾಡು | ಶನಿವಾರ, ರಾತ್ರಿ 8:50

ಹತ್ತರಿ ಎಂದರೆ ಏನು ಎಂದು ಎರಡು ಸಲ ಓದಿದ ಮೇಲೆ ತಿಳಿಯಿತು. ಧಾರವಾಡದ ಕಡೆ ನಾವು ರಂದಾ ಎನ್ನುತ್ತೇವೆ. ಶಾಲೆಯ ಪುಸ್ತಕದಲ್ಲಿ ಉಜ್ಜುಗೊರಡು ಎಂದಿತ್ತು. ನಮ್ಮ ಮಾವ ತೋಪಡ ಎನ್ನುತ್ತಾರೆ. ಒಂದು ಸಾಮಾನಿಗೆ ನಾಲ್ಕು ಹೆಸರು, ನಾಲ್ಕನ್ನೂ ಒಂದೇ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ನಾಲ್ಕು ಸಾಮಾನು ಹುಡುಕುತ್ತಾನೆ.

ಅಟ್ಟದಮನೆ | ಶನಿವಾರ, ರಾತ್ರಿ 9:20

ಹುಣಸೆಹಣ್ಣನ್ನು ಭರಣಿಗೆ ಹಿಂದಿರುಗಿಸಿದ್ದೇನೆ. ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದೆ. ನಡುಭಾಗದಲ್ಲಿ ಸುತ್ತಲೂ ತೆಳುವಾದ ಗೆರೆಗಳು, ದಾರ ಬಿಗಿದಂತೆ. ಮೇಲಿನ ಗುಬುಟು ದಂಡಕ್ಕೆ ಅಂಟಿಲ್ಲ, ಹಿಡಿದುಕೊಂಡರೆ ದಂಡ ಮಾತ್ರ ತಿರುಗುತ್ತದೆ. ಕೆಳತುದಿಯಲ್ಲಿ ಚೌಕಾಕಾರದ ತೂತು. ಅಜ್ಜಿ ಈಗಲೂ ಕಡೆಗೋಲು ಎಂದೇ ಹೇಳುತ್ತಾರೆ. ಗೆರೆಗಳು ಕಡೆಯುವ ಹಗ್ಗದ್ದಂತೆ.

ಉಳಿಬಾಚಿ | ಶನಿವಾರ, ರಾತ್ರಿ 10:00

ಅಜ್ಜಿ ಅರ್ಧ ಸರಿ. ಹಗ್ಗದ ಗೆರೆಯೇ ಅದು. ಆದರೆ ಮಜ್ಜಿಗೆ ಕಡೆದದ್ದಲ್ಲ, ಮರ ಕೊರೆದದ್ದು. ಇದು ಬೈರಿಗೆ.

ಕಡೆಗೋಲಿಗೆ ಕೆಳಗೆ ಹೂವಿನಂಥ ತಲೆ ಇರಬೇಕು, ಚೌಕ ತೂತು ಅಲ್ಲ. ಆ ತೂತಿನಲ್ಲಿ ಕೊರೆಯುವ ಅಲಗು ಕೂರುತ್ತಿತ್ತು. ಗುಬುಟನ್ನು ಎಡಗೈಯಿಂದ ಒತ್ತಿ ಹಿಡಿಯುವುದು, ಅದಕ್ಕೇ ಅದು ಬಿಡಿಯಾಗಿದೆ. ಕೆಲವರು ಗುಬುಟಿನ ಬದಲು ತೆಂಗಿನ ಚಿಪ್ಪನ್ನು ಬಳಸುತ್ತಿದ್ದರು. ಬಲಗೈಯಲ್ಲಿ ಬಿಲ್ಲು. ಬಿಲ್ಲಿನ ದಾರವನ್ನು ದಂಡಕ್ಕೆ ಒಂದು ಸುತ್ತು ಸುತ್ತಿ ಹಿಂದೆ ಮುಂದೆ ಎಳೆದರೆ ದಂಡ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತದೆ.

ಪೆಟ್ಟಿಗೆಯ ತಳದಲ್ಲಿ ಈಟಿಯ ಮೊನೆಯಂತೆ ಚಪ್ಪಟೆಯಾದ ಚಿಕ್ಕ ಕಬ್ಬಿಣದ ತುಂಡುಗಳಿವೆಯೇ ನೋಡಿ. ಇಂದಿನ ಡ್ರಿಲ್ಲಿನ ಸುರುಳಿ ಅಲಗು ಒಂದೇ ದಿಕ್ಕಿಗೆ ಕೊರೆಯುತ್ತದೆ. ಬೈರಿಗೆ ಎರಡೂ ದಿಕ್ಕಿಗೆ ತಿರುಗುವುದರಿಂದ ಅದರ ಅಲಗಿಗೆ ಎರಡೂ ಕಡೆ ಹರಿತ ಬೇಕು. ಬಿಲ್ಲು ಸಿಗುವುದು ಕಷ್ಟ. ಬಿದಿರಿನ ಕಡ್ಡಿ ಎಂದು ಯಾರೋ ಒಲೆಗೆ ಹಾಕಿರುತ್ತಾರೆ.

ಅಟ್ಟದಮನೆ | ಭಾನುವಾರ, ಬೆಳಗ್ಗೆ 7:30

ಇವೆ! ಬಟ್ಟೆಯ ಗಂಟಿನಲ್ಲಿ ಏಳು ತುಂಡು. ತುಕ್ಕು ಹಿಡಿದ ಮೊಳೆ ಎಂದು ಬದಿಗಿಟ್ಟಿದ್ದೆ. ಒಂದು ಚೌಕ ತೂತಿಗೆ ಸರಿಯಾಗಿ ಕೂತಿತು. ಅಜ್ಜಿ ಸೋಲೊಪ್ಪಿಲ್ಲ, 'ಹಾಗಾದರೆ ನಮ್ಮ ಕಡೆಗೋಲು ಎಲ್ಲಿ ಹೋಯಿತು' ಎಂದು ಕೇಳುತ್ತಿದ್ದಾರೆ.

ಕರಾವಳಿಗಾಳಿ | ಭಾನುವಾರ, ಬೆಳಗ್ಗೆ 9:10

ನಾಲ್ಕನೆಯ ಚಕ್ರ ಕರ್ಜಿಕಾಯಿಯ ಅಂಚು ಕತ್ತರಿಸುವುದರ ಅಜ್ಜ ಇರಬೇಕು. ಊರಿಗೆಲ್ಲ ಒಂದೇ ಕರ್ಜಿಕಾಯಿ ಮಾಡಿದಾಗ ಬಳಸಿದ್ದು.

ಗಾಡಿಮನೆ | ಭಾನುವಾರ, ಬೆಳಗ್ಗೆ 11:45

ಕರ್ಜಿಕಾಯಿಯ ಚಕ್ರಕ್ಕೆ ಅಂಚು ಹರಿತವಿರುತ್ತದೆ. ಮೇಡಂ, ಮೂರು ವಿಷಯ ತಿಳಿಸಿ. ಚಕ್ರದ ಅಂಚು ಹರಿತವೋ ಚಪ್ಪಟೆಯೋ? ಅಂಚಿನಲ್ಲಿ ಎಲ್ಲಾದರೂ ಒಂದು ಗೀರು ಇದೆಯೇ? ಸುತ್ತಳತೆ ಎಷ್ಟು?

ಅಟ್ಟದಮನೆ | ಭಾನುವಾರ, ಮಧ್ಯಾಹ್ನ 12:20

ಚಪ್ಪಟೆ. ಒಂದು ಕಡೆ ಅರದಿಂದ ಉಜ್ಜಿ ಮಾಡಿದಂಥ ಗೀರು ಇದೆ, ಪೆಟ್ಟಾಗಿ ಆದದ್ದು ಎಂದುಕೊಂಡಿದ್ದೆ. ನೂಲು ಸುತ್ತಿ ಅಳೆದರೆ ಸರಿಯಾಗಿ ಎರಡು ಅಡಿ.

ಗಾಡಿಮನೆ | ಭಾನುವಾರ, ಮಧ್ಯಾಹ್ನ 1:30

ಹಾಗಿದ್ದರೆ ಅದು ಅಳತೆಯ ಚಕ್ರ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಬೇಕಾದದ್ದು.

ನಾನು ಹುಡುಗನಾಗಿದ್ದಾಗ ನಮ್ಮ ಹಿತ್ತಲಿನಲ್ಲಿ ಪಟ್ಟಿ ಹಾಕುವುದನ್ನು ನೋಡಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಬಡಗಿ ಗಾಲಿಯ ನಡುವಿನ ಗುಂಬ, ಅದರಿಂದ ಹೊರಡುವ ಅರೆ ಕಡ್ಡಿಗಳು, ಹೊರಬಳೆಯ ಬಾಗಿದ ತುಂಡುಗಳನ್ನೆಲ್ಲ ಜೋಡಿಸಿ ಗಾಲಿ ಮಾಡಿ ಮುಗಿಸುತ್ತಾನೆ. ಆದರೆ ಆ ಜೋಡಣೆ ಇನ್ನೂ ಸಡಿಲ. ಅದನ್ನು ಬಿಗಿಯುವುದು ಕಮ್ಮಾರನ ಪಟ್ಟಿ. ಚಕ್ರದ ಗೀರನ್ನು ಗಾಲಿಯ ಮೇಲಿನ ಸೀಮೆಸುಣ್ಣದ ಗುರುತಿಗೆ ಹೊಂದಿಸಿ ಗಾಲಿಯ ಸುತ್ತ ಉರುಳಿಸುತ್ತಾರೆ. ಎಷ್ಟು ಸುತ್ತು, ಮೇಲೆ ಎಷ್ಟು ಅಂಗುಲ ಎಂದು ಎಣಿಸಿ, ಅದನ್ನೇ ನೆಲದ ಮೇಲಿಟ್ಟ ಕಬ್ಬಿಣದ ಪಟ್ಟಿಯ ಮೇಲೂ ಉರುಳಿಸುತ್ತಾರೆ. ಐದಡಿ ಎತ್ತರದ ಗಾಲಿಗೆ ನಿಮ್ಮ ಚಕ್ರ ಏಳು ಸುತ್ತು ತಿರುಗಿ ಇನ್ನೂ ಸುಮಾರು ಇಪ್ಪತ್ತು ಅಂಗುಲ ಹೋಗಬೇಕು. ನೂಲಿನಲ್ಲಿ ಅಳೆಯಬಾರದೇ ಎಂದರೆ, ನೂಲು ಹಿಗ್ಗುತ್ತದೆ, ಚಕ್ರ ಹಿಗ್ಗುವುದಿಲ್ಲ.

ಸ್ವಾರಸ್ಯ ಇರುವುದು ಇನ್ನು ಮುಂದೆ. ಪಟ್ಟಿಯನ್ನು ಗಾಲಿಯಷ್ಟೇ ಉದ್ದಕ್ಕೆ ಕತ್ತರಿಸಿದರೆ ಕೆಲಸ ಕೆಟ್ಟಿತು. ಬೇಕೆಂದೇ ತುಸು ಗಿಡ್ಡ ಮಾಡಿ ಬಳೆಯಾಗಿ ಬೆಸೆಯುತ್ತಾರೆ. ತಣ್ಣಗಿದ್ದಾಗ ಅದು ಗಾಲಿಗೆ ಏರುವುದೇ ಇಲ್ಲ. ಸುತ್ತ ಬೆರಣಿ, ಸೌದೆ ಒಟ್ಟಿ ಬೆಂಕಿ ಕೊಡುತ್ತಾರೆ. ಕಬ್ಬಿಣ ನೂರು ಡಿಗ್ರಿ ಕಾದರೆ ಮೀಟರಿಗೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಐನೂರು ಡಿಗ್ರಿ ಕಾಯಿಸಿದರೆ ಐದಡಿ ಗಾಲಿಯ ಬಳೆ ಒಂದು ಅಂಗುಲಕ್ಕಿಂತ ತುಸು ಹೆಚ್ಚೇ ಬೆಳೆಯುತ್ತದೆ. ಆ ಒಂದು ಅಂಗುಲದಲ್ಲೇ ಎಲ್ಲ ಇರುವುದು. ಕೆಂಪಗಾದ ಬಳೆಯನ್ನು ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸುತ್ತಾರೆ, ಮರ ಭಗ್ಗನೆ ಹೊತ್ತಿಕೊಳ್ಳುತ್ತದೆ, ಮರುಕ್ಷಣ ಕೊಡಗಟ್ಟಲೆ ನೀರು. ಬಳೆ ಕುಗ್ಗುವಾಗ ಗಾಲಿಯ ಕೀಲುಗಳೆಲ್ಲ ಕಿರ್ರೆಂದು ಒಳಕ್ಕೆ ಸರಿಯುವ ಸದ್ದು ಕೇಳುತ್ತದೆ. ಗಿಡ್ಡ ಹೆಚ್ಚಾದರೆ ಅರೆಗಳು ಬಾಗುತ್ತವೆ. ಕಡಿಮೆಯಾದರೆ ಮೊದಲ ಬೇಸಿಗೆಗೇ ಮರ ಒಣಗಿ ಪಟ್ಟಿ ಕಳಚುತ್ತದೆ.

ಅಂದರೆ ನಾಲ್ಕನೆಯದು ಬಡಗಿಯದಲ್ಲ, ಕಮ್ಮಾರನದು. ನಿಮ್ಮ ಮನೆಯಲ್ಲಿ ಗಾಡಿ ಇತ್ತೇ?

ಅಟ್ಟದಮನೆ | ಭಾನುವಾರ, ಮಧ್ಯಾಹ್ನ 2:15

ಎರಡು ಗಾಡಿ ಇದ್ದವಂತೆ. ಕೊಟ್ಟಿಗೆಯ ಪಕ್ಕ 'ಗಾಡಿ ಚಪ್ಪರ' ಎನ್ನುವ ಜಾಗ ಈಗಲೂ ಇದೆ, ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತೇವೆ. ಪ್ರತಿ ಬೇಸಿಗೆ ಕಮ್ಮಾರರೂ ಆಚಾರರೂ (ಬಡಗಿಗಳೂ) ಒಟ್ಟಿಗೆ ಬಂದು ಹತ್ತು ದಿನ ಇಲ್ಲೇ ಉಣ್ಣುತ್ತಿದ್ದರು ಎಂದು ಅಜ್ಜಿ ಹೇಳಿದರು. ಇದನ್ನು ನಮಗೆ ಇದುವರೆಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹಳೆಸಂತೆ | ಭಾನುವಾರ, ಮಧ್ಯಾಹ್ನ 2:40

ಚಕ್ರಕ್ಕೆ ಪ್ರತ್ಯೇಕ ಬೆಲೆ ಕೊಡುತ್ತೇನೆ.

ನಿರ್ವಾಹಕ | ಭಾನುವಾರ, ಮಧ್ಯಾಹ್ನ 3:00

ಇಲ್ಲಿ ವ್ಯಾಪಾರ ಬೇಡ. ಇದು ಎರಡನೆಯ ಸಲ.

ಕನೆಕ್ಟಿಕಟ್ ಕನ್ನಡಿಗ | ಭಾನುವಾರ, ರಾತ್ರಿ 8:30

ಐದನೆಯದರ ಬಗ್ಗೆ ನಾನು ಹೇಳಬಹುದು. ಮುಂಭಾಗದಲ್ಲಿ 'ಬೈಲಿ' ಎಂದಿದೆ, ಅಲಗಿನ ಮೇಲೆ ತಯಾರಕರ ಹೆಸರು, ಸ್ಟಾನ್ಲಿ. ಅದು ತಯಾರಾದದ್ದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯ ನ್ಯೂ ಬ್ರಿಟನ್ ಎಂಬ ಊರಿನಲ್ಲಿ. ಅಲಗು ಬಿಚ್ಚಿ, ಅದು ಒರಗುವ ಕಬ್ಬಿಣದ ಪೀಠದ ಹಿಂದೆ ತಳದಲ್ಲಿ ಏನು ಬರೆದಿದೆ ಓದಿ.

ಅಟ್ಟದಮನೆ | ಸೋಮವಾರ, ಬೆಳಗ್ಗೆ 6:50

ಮೂರು ತಾರೀಖುಗಳಿವೆ. ಮಾರ್ಚ್ 25, 02. ಆಗಸ್ಟ್ 19, 02. ಏಪ್ರಿಲ್ 19, 10. ಹಾಗಾದರೆ ಇದು 1902ರದ್ದೇ? ನಮ್ಮ ಮನೆ ಅದಕ್ಕಿಂತಲೂ ಹಳೆಯದು, ಹೆಂಚಿನ ಮೇಲೆ 1865 ಎಂದು ಸ್ಪಷ್ಟವಾಗಿ ಅಚ್ಚೊತ್ತಿದೆ.

ಕನೆಕ್ಟಿಕಟ್ ಕನ್ನಡಿಗ | ಸೋಮವಾರ, ಬೆಳಗ್ಗೆ 7:40

ಅವು ತಯಾರಿಕೆಯ ತಾರೀಖುಗಳಲ್ಲ, ಪೇಟೆಂಟ್ ಸಿಕ್ಕ ತಾರೀಖುಗಳು. ಕೊನೆಯ ತಾರೀಖು 1910 ಆದ್ದರಿಂದ ಅದಕ್ಕಿಂತ ಮೊದಲಿನದಾಗಿರಲು ಸಾಧ್ಯವಿಲ್ಲ. ಮೂರೂ ತಾರೀಖು ಒಟ್ಟಿಗಿರುವ ಹತ್ತರಿಗಳನ್ನು ಸಂಗ್ರಾಹಕರು 1910ರಿಂದ 1918ರ ನಡುವಿನವು ಎಂದು ಲೆಕ್ಕ ಹಾಕುತ್ತಾರೆ. ಆಮೇಲಿನವುಗಳಲ್ಲಿ ಒಂದೇ ತಾರೀಖು ಉಳಿಯಿತು. ಅಂದಹಾಗೆ ಅದು ಕೊಪ್ಪಕ್ಕೆ ಬಂದದ್ದು ಆಗಲೇ ಎಂದೇನೂ ಅಲ್ಲ. ಐವತ್ತು ವರ್ಷ ಬೇರೆಯವರ ಕೈಯಲ್ಲಿದ್ದು ಬಂದಿರಬಹುದು.

ರೀಪುಪಕಾಸು | ಸೋಮವಾರ, ಬೆಳಗ್ಗೆ 10:30

ಹೆಂಚಿನ ವಿಷಯದಲ್ಲೂ ಇದೇ ಕಥೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅರ್ಧಕ್ಕರ್ಧ ಮನೆಯವರು ತಮ್ಮ ಮನೆ 1865ರದ್ದು ಎನ್ನುತ್ತಾರೆ. ಆ ಇಸವಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಶುರುಮಾಡಿದ್ದು. ಆಮೇಲೆ ದಶಕಗಳ ಕಾಲ ತಯಾರಾದ ಹೆಂಚುಗಳ ಮೇಲೂ ಅದೇ ಇಸವಿಯನ್ನು ಒತ್ತಿದರು, ಅಂಗಡಿಯ ಫಲಕದಲ್ಲಿ 'ಸ್ಥಾಪನೆ' ಎಂದು ಬರೆಯುವ ಹಾಗೆ. ಹಾಗಾಗಿ ನಿಮ್ಮ ಮನೆ 1865ಕ್ಕಿಂತ ಹಳೆಯ ಹೆಂಚಿನದಲ್ಲ ಎನ್ನಬಹುದು, ಅಷ್ಟೇ.

ಆರನೆಯ ಕೋಲಿನ ಬಗ್ಗೆ ಯಾರೂ ಮಾತಾಡಿಲ್ಲ?

ಬಯಲುನಾಡು | ಸೋಮವಾರ, ಬೆಳಗ್ಗೆ 11:15

ಮಗ್ಗಕ್ಕೆ ಸಂಬಂಧಿಸಿದ್ದೇ? ಅಥವಾ ಹೊಲಿಗೆಯವರ ಅಳತೆಗೋಲು?

ಕರಾವಳಿಗಾಳಿ | ಸೋಮವಾರ, ಬೆಳಗ್ಗೆ 11:50

ಈ ಸಲ ತಮಾಷೆಯಲ್ಲ. ಆಯದ ಕೋಲು ಇರಬೇಕು. ಮನೆ ಕಟ್ಟುವಾಗ ಆಚಾರರು ಆಯ, ಅಂದರೆ ಶುಭ ಅಳತೆಯ ಲೆಕ್ಕ, ನೋಡಿ ಅಳತೆ ಹಾಕುವ ಕೋಲು. ಅದನ್ನು ಪೂಜೆ ಮಾಡಿ ಇಡುತ್ತಿದ್ದರು.

ಉಳಿಬಾಚಿ | ಸೋಮವಾರ, ಮಧ್ಯಾಹ್ನ 1:05

ನನಗೂ ಮೊದಲು ಹಾಗೇ ಅನ್ನಿಸಿತು, ಆದರೆ ಲೆಕ್ಕ ಕೂಡುವುದಿಲ್ಲ. ಕೇರಳದ ತಚ್ಚುಶಾಸ್ತ್ರದ, ಅಂದರೆ ಮನೆ ಕಟ್ಟುವ ಬಡಗಿಗಳ ಶಾಸ್ತ್ರದ, ಕೋಲು 24 ಅಂಗುಲ (ಇಲ್ಲಿ ಅಂಗುಲ ಎಂದರೆ ಇಂಚಲ್ಲ, ಸುಮಾರು ಮೂರು ಸೆಂಟಿಮೀಟರ್), ಅಂದರೆ ಸುಮಾರು 72 ಸೆಂಟಿಮೀಟರ್. ಇದು ಅದಕ್ಕಿಂತ ಬಹಳ ಗಿಡ್ಡ. ಅಳತೆಗೋಲಾದರೆ ಅಂಗುಲದ ಗೀರುಗಳೂ ಇರಬೇಕು. ಇಲ್ಲಿ ಒಂದೇ ಕಚ್ಚು. ಒಂದೇ ಕಚ್ಚು ಎಂದರೆ ಒಂದೇ ಅಳತೆ. ಯಾವುದೋ ಒಂದು ದೂರವನ್ನು ನೂರಾರು ಸಲ ಗುರುತಿಸಬೇಕಾಗಿದ್ದವರು ಮಾಡಿಕೊಂಡದ್ದು. ಕಟ್ಟೆಯ ಒಳಮುಖದಿಂದ ಕಚ್ಚಿನವರೆಗೆ ಎಷ್ಟಿದೆ? ಎಲ್ಲಿ ಸವೆದಿದೆ?

ಅಟ್ಟದಮನೆ | ಸೋಮವಾರ, ಸಂಜೆ 5:30

ಹನ್ನೆರಡೂವರೆ ಅಂಗುಲ. ಕಟ್ಟೆಯ ಒಳಮುಖ ಸವೆದು ನುಣುಪಾಗಿದೆ, ಹೊರಮುಖದಲ್ಲಿ ಬಾಚಿಯ ಗುರುತು ಇನ್ನೂ ಹಾಗೇ ಇದೆ. ಕಚ್ಚಿನೊಳಗೆ ಕಪ್ಪು, ಸೀಸದ ಕಡ್ಡಿಯದೋ ಮಸಿಯದೋ.

ರೀಪುಪಕಾಸು | ಸೋಮವಾರ, ಸಂಜೆ 5:42

ಹನ್ನೆರಡೂವರೆ! ಮೇಡಂ, ತಲೆ ಎತ್ತಿ ನೋಡಿ.

ಮಂಗಳೂರು ಹೆಂಚು ಸುಮಾರು ಹದಿನಾರು ಅಂಗುಲ ಉದ್ದ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಮೂರೂವರೆ ಅಂಗುಲದಷ್ಟು ಕೂರಬೇಕು. ಹಾಗಾಗಿ ಹೆಂಚು ಹೊರುವ ರೀಪುಗಳ ನಡುವಿನ ದೂರ ಹನ್ನೆರಡೂವರೆ ಅಂಗುಲದ ಆಸುಪಾಸಿನಲ್ಲಿ ಬರುತ್ತದೆ. ಹಿಂದಿನ ನಾಡಹೆಂಚಿಗೆ ಈ ಕಟ್ಟುನಿಟ್ಟು ಇರಲಿಲ್ಲ, ಒಂದರ ಮೇಲೊಂದು ಹೇಗಾದರೂ ಹೊಂದಿಕೊಳ್ಳುತ್ತಿತ್ತು. ಅಚ್ಚಿನ ಹೆಂಚಿಗೆ ಕೆಳಗೆ ಮೂಗು, ಅಂಚಿಗೆ ತೋಡು. ರೀಪು ತಪ್ಪಿದರೆ ಮೂಗು ಕೂರುವುದಿಲ್ಲ, ತೋಡು ಸೇರುವುದಿಲ್ಲ.

ರೀಪುಗಳನ್ನು ಹೊರುವ ಪಕಾಸಿನ ಮೇಲೆ ಕುಳಿತು ಪ್ರತಿ ಸಾಲಿಗೂ ಅಡಿಪಟ್ಟಿ ಹಿಡಿಯುವುದು ಯಾರಿಂದಲೂ ಆಗದು. ಹೊಡೆದು ಮುಗಿದ ರೀಪಿಗೆ ಕಟ್ಟೆಯನ್ನು ಆನಿಸು, ಕಚ್ಚಿನಲ್ಲಿ ಗುರುತು ಹಾಕು, ಮುಂದಿನ ರೀಪು ಇಡು. ಕಟ್ಟೆಯ ಒಳಮುಖ ಮಾತ್ರ ಸವೆದಿರುವುದು ಅದಕ್ಕೇ. ಮತ್ತೊಂದು ಮಾತು: ರೀಪು ಸಮಾನಾಂತರವಾಗಿರಬೇಕಾದರೆ ಈ ತುದಿಯಲ್ಲೊಬ್ಬ, ಆ ತುದಿಯಲ್ಲೊಬ್ಬ ಏಕಕಾಲಕ್ಕೆ ಗುರುತು ಹಾಕಬೇಕು. ಆದ್ದರಿಂದ ಇಂಥದ್ದೇ ಇನ್ನೊಂದು ಕೋಲು ಇರಲೇಬೇಕು.

ಅಟ್ಟದಮನೆ | ಸೋಮವಾರ, ಸಂಜೆ 6:20

ಇದೆ. ಪೆಟ್ಟಿಗೆಯಲ್ಲಿ ಅಲ್ಲ. ಅಡಿಗೆಮನೆಯ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತು ಕೊಡಲು ಅಜ್ಜಿ ಇಟ್ಟುಕೊಂಡಿದ್ದಾರೆ. ನಾನು ಹುಟ್ಟಿದಾಗಿನಿಂದ ಅದನ್ನು ನೋಡಿದ್ದೇನೆ. ಪಕ್ಕಪಕ್ಕ ಇಟ್ಟರೆ ಕೂದಲೆಳೆಯ ವ್ಯತ್ಯಾಸವಿಲ್ಲ. ಕೊಡಿ ಎಂದರೆ ಕೊಡಲಿಲ್ಲ, 'ಮತ್ತೆ ಕಿಟಕಿಗೆ ಏನು ಹಾಕಲಿ' ಎಂದರು.

ಉಳಿಬಾಚಿ | ಸೋಮವಾರ, ರಾತ್ರಿ 7:10

ಕೊಡದಿದ್ದದ್ದೇ ಒಳ್ಳೆಯದಾಯಿತು. ಕಿಟಕಿಯಲ್ಲಿ ಕೆಲಸಕ್ಕಿದ್ದದ್ದರಿಂದಲೇ ಒಲೆಗೆ ಹೋಗದೆ ಉಳಿದದ್ದು. ನಾಳೆ ಹಗಲಿನಲ್ಲಿ, ಯಾರಾದರೂ ಏಣಿ ಹಿಡಿದುಕೊಂಡರೆ ಮಾತ್ರ, ಕೋಲನ್ನು ಮಾಡಿನ ರೀಪುಗಳಿಗೆ ಹಿಡಿದು ನೋಡಿ.

ಅಟ್ಟದಮನೆ | ಮಂಗಳವಾರ, ಮಧ್ಯಾಹ್ನ 12:50

ಅಟ್ಟದಿಂದಲೇ ಕೈಗೆ ಎಟುಕಿತು, ತಮ್ಮ ಟಾರ್ಚ್ ಹಿಡಿದಿದ್ದ. ಮೊದಲ ಸಾಲಿಗೆ ಕೂತಿತು. ಎರಡನೆಯದಕ್ಕೂ. ಪೂರ್ವದ ಮಾಡಿನಲ್ಲಿ ಎಟುಕಿದ ಹದಿನಾಲ್ಕು ಸಾಲಿಗೂ ಅಚ್ಚಿಗೆ ಅಚ್ಚು ಕೂತಿತು. ಪಶ್ಚಿಮದಲ್ಲಿ ಮೂರು ಸಾಲು ಮಾತ್ರ ಕೂರುವುದಿಲ್ಲ, ಅರ್ಧ ಅಂಗುಲ ಹೆಚ್ಚಿದೆ. ಆ ರೀಪುಗಳ ಮರವೂ ಬೇರೆ, ಮೊಳೆಯೂ ಹೊಸದು. ಹಲಸಿನ ಕೊಂಬೆ ಮುರಿದು ಬಿದ್ದ ವರ್ಷ ಬೇರೆ ಯಾರನ್ನೋ ಕರೆಸಿ ಅಷ್ಟನ್ನು ಹೊಸದಾಗಿ ಹಾಕಿಸಿದ್ದಂತೆ.

ಕೆಳಗಿಳಿದು ಅಜ್ಜಿಗೆ ಹೇಳಿದೆ, ಪಶ್ಚಿಮದಲ್ಲಿ ಮೂರು ಸಾಲು ಅಳತೆ ತಪ್ಪಿದೆ ಎಂದು. ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. 'ಅಲ್ಲೇ ಸೋರುವುದು' ಎಂದರು.